ಎಲ್ಲಕ್ಕಿಂತ ಕೆಳಗಿನ ಸಾಲು

ಅಂಗಡಿಯ ಮೇಲಿನ ಮನೆ
ಹನ್ನೆರಡನೇ ತಾರೀಖು, ಮಂಗಳವಾರ

ಮಗನೇ,

ಹೇಗಿದ್ದೀಯ? ಮೈಯಲ್ಲಿ ಹುಷಾರಾಗಿದ್ದೀಯ? ಹಡಗಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆಯೇ, ಕಾಲಿಗೆ ಒಣಗಿದ ಸಾಕ್ಸು ಹಾಕಿಕೊಳ್ಳುತ್ತೀಯೋ ಇಲ್ಲವೋ? ಇವನ್ನೆಲ್ಲ ನಾನು ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲವೂ ಉತ್ತರ ಬಂದಿದೆ. ಉತ್ತರ ಕೊಟ್ಟವನು ನೀನಲ್ಲ ಎಂದು ಹೋದ ವಾರ ಗೊತ್ತಾಯಿತು. ಆದ್ದರಿಂದ ಮತ್ತೆ ಮೊದಲಿನಿಂದ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಮಾಡಿಕೊಂಡರೂ ನನಗೇನೂ ನಷ್ಟವಿಲ್ಲ. ನನ್ನ ಮಂಡಿ ಮೊದಲಿನ ಹಾಗೇ ಇದೆ, ಮೆಟ್ಟಿಲು ಕಂಡರೆ ಹಟ ಹಿಡಿಯುತ್ತದೆ. ಕಣ್ಣು ಒಂದು ಸರಿ, ಇನ್ನೊಂದು ಮಂಜು. ಬಾಯಿಗೆ ಮಾತ್ರ ಯಾವ ರೋಗವೂ ಬಂದಿಲ್ಲ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು. ನಿಮ್ಮಪ್ಪ ತೀರಿಕೊಂಡರು. ಚಳಿ ಶುರುವಾಗುವ ಹೊತ್ತಿನಲ್ಲಿ, ಮಧ್ಯಾಹ್ನ, ಅಂಗಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವರು ಹಾಗೇ ಮೇಜಿನ ಮೇಲೆ ತಲೆಯಿಟ್ಟರು. ಊಟದ ಹೊತ್ತಿನ ನಿದ್ದೆ ಎಂದುಕೊಂಡು ನಾನು ಮೇಲಿನಿಂದ ಎರಡು ಸಲ ಕೂಗಿ, ಮೂರನೆಯ ಸಲ ಬೈದು, ಆಮೇಲೆ ಇಳಿದು ಬಂದೆ. ನೋವು ತಿನ್ನಲಿಲ್ಲ ಎಂದು ಡಾಕ್ಟರು ಹೇಳಿದರು. ಕೈಯಲ್ಲಿದ್ದ ಚಿಮುಟ ಬಿಟ್ಟಿರಲಿಲ್ಲ, ಅದರ ತುದಿಯಲ್ಲಿ ಯಾರದೋ ಗಡಿಯಾರದ ಸಾಸಿವೆ ಗಾತ್ರದ ಸ್ಕ್ರೂ ಹಾಗೇ ಇತ್ತು. ಅದನ್ನು ನಾನೇ ಬಿಡಿಸಿ ಡಬ್ಬಿಗೆ ಹಾಕಿದೆ. ಬೇರೆಯವರ ಸಾಮಾನು ನೋಡು, ಕಳೆದರೆ ನಿಮ್ಮಪ್ಪನೇ ಎದ್ದು ಬಂದು ಬೈಯುತ್ತಿದ್ದರು.

ಈ ಸುದ್ದಿಯನ್ನು ಅವತ್ತೇ ನಿನಗೆ ಮೇಲ್ ಮಾಡಿದೆ. ಫೋನಿನಲ್ಲಿ ಒಂದೊಂದು ಅಕ್ಷರ ಹುಡುಕಿ ಒತ್ತಿ ಬರೆದೆ: ಅಪ್ಪ ಹೋದರು, ಬಾ. ಉತ್ತರವಿಲ್ಲ. ಮಾರನೆಯ ದಿನ ಇಲ್ಲ, ಆ ವಾರ ಇಲ್ಲ, ಆ ತಿಂಗಳು ಇಲ್ಲ. ಅದಕ್ಕೆ ಮುಂಚೆ ವಾರಕ್ಕೊಂದು ತಪ್ಪದೆ ಬರುತ್ತಿದ್ದ ಮೇಲ್ ಅವತ್ತಿನಿಂದ ನಿಂತೇಹೋಯಿತು. ಆಗ ನಾನು ನಿನಗೆ ಹಾಕಿದ ಶಾಪ ಒಂದೆರಡಲ್ಲ. ಹೆತ್ತ ಅಪ್ಪ ಸತ್ತರೂ ಕರಗದ ಕಲ್ಲು ಇದು, ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಇಳಿದೆನಲ್ಲ ಎಂದು ಗೋಡೆಗೆ ಹೇಳಿದೆ. ನಮ್ಮ ಅಂಗಡಿಯ ಅರ್ಧ ಭಾಗದಲ್ಲಿ ಫೋನು ರಿಪೇರಿ ಮಾಡುವವನು ನೆನಪಿದ್ದಾನಲ್ಲ, ನಿಮ್ಮಪ್ಪನನ್ನು ಅಣ್ಣಾ ಎಂದು, ನನ್ನನ್ನು ಅತ್ತಿಗೆ ಎಂದು ಕರೆಯುವವನು, ಸದಾ ಗೊಣಗುವವನು? ಅವನು ಹೋದ ವಾರ ಕೇಳಿಸಿಕೊಂಡು ಬಾಗಿಲಿಗೆ ಬಂದ. “ಅತ್ತಿಗೆ, ಹಾಗೆಲ್ಲ ಅನ್ನಬೇಡಿ. ಮೇಲ್ ಹೋಗೇ ಇಲ್ವೇನೋ. ದಾರೀಲಿ ಎಲ್ಲೋ ಸಿಕ್ಕೊಂಡಿರಬಹುದು, ನೋಡಿಕೊಡ್ತೀನಿ” ಎಂದ. ನನಗೆ ಜೀವ ಬಂದ ಹಾಗಾಯಿತು. ದಾರಿಯದೇ ತಪ್ಪಿರಲಿ, ಮಗನ ತಪ್ಪು ಆಗದಿರಲಿ ಎಂದು ಅವನ ಹಿಂದೆಯೇ ಹೋಗಿ ಕೂತೆ.

ಅವನು ನನ್ನ ಮೇಲ್‌ಗಳನ್ನು ತನ್ನ ದೊಡ್ಡ ಕಂಪ್ಯೂಟರಿನಲ್ಲಿ ತೆರೆದ. ಮೊದಲು, ಕಳಿಸಿದ್ದು ಹೋಗಿದೆಯೇ ನೋಡಿದ. ಹೋಗಿದೆ. ವಿಳಾಸ ಸರಿಯಿಲ್ಲದಿದ್ದರೆ ಅಥವಾ ಪೆಟ್ಟಿಗೆ ತುಂಬಿದ್ದರೆ ಅದು ನಮಗೇ ವಾಪಸು ಬರುತ್ತದಂತೆ, ಯಾಕೆ ಬಂತು ಎಂದೂ ಬರೆದಿರುತ್ತದಂತೆ. ಹಾಗೇನೂ ಬಂದಿರಲಿಲ್ಲ. ಆಮೇಲೆ ಕಸದ ಮೇಲ್‌ಗಳು ಬೀಳುವ ಬುಟ್ಟಿ ಹುಡುಕಿದ, ನಿನ್ನ ಉತ್ತರ ತಪ್ಪಿ ಅಲ್ಲಿ ಬಿದ್ದಿರಬಹುದು ಎಂದು. ಅಲ್ಲಿ ಕೂದಲಿನ ಎಣ್ಣೆ ಮಾರುವವರು, ಲಾಟರಿ ಬಂದಿದೆ ಎನ್ನುವವರು, ಎಲ್ಲ ಕಳ್ಳರೂ ಇದ್ದರು, ನೀನು ಇರಲಿಲ್ಲ. “ಹಾಗಾದ್ರೆ ಮುಂಚೆ ಬಂದಿರೋದನ್ನ ನೋಡೋಣ, ಅವು ಯಾವ ದಾರೀಲಿ ಬರ್ತಿದ್ವು ಅಂತ ಗೊತ್ತಾದ್ರೆ ಎಲ್ಲಿ ಕಟ್ಟಿದೆ ಅಂತ ಗೊತ್ತಾಗುತ್ತೆ” ಎಂದು ನಿನ್ನ ಒಂದು ಮೇಲ್ ತೆಗೆದು, ಮೂಲೆಯ ಮೂರು ಚುಕ್ಕಿ ಒತ್ತಿ, ಮೂಲ ತೋರಿಸು ಎನ್ನುವುದನ್ನು ಒತ್ತಿದ. ಪರದೆಯ ತುಂಬ ಇರುವೆ ಸಾಲು. ಇದಕ್ಕೆ ಹೆಡರ್ ಅನ್ನುತ್ತಾರಂತೆ. ನಾವು ಓದುವ ಮೇಲ್‌ನ ಹಿಂದೆ ಇದು ಯಾವಾಗಲೂ ಇರುತ್ತದೆ, ಯಾರೂ ತೆಗೆದು ನೋಡುವುದಿಲ್ಲ ಅಷ್ಟೆ.

ನಾನು ಸ್ಕೂಲು ಬಿಟ್ಟಿದ್ದು ಕೂಡುವ ಲೆಕ್ಕ ಮುಗಿದು ಕಳೆಯುವ ಲೆಕ್ಕ ಶುರುವಾಗುವ ಮುಂಚೆ. ಆದರೂ ಅವನು ಹೇಳಿದ್ದು ತಲೆಗೆ ಹೋಯಿತು. ಯಾಕೆಂದರೆ ಅದು ನಮ್ಮ ಕಸುಬಿನದೇ ಪದ್ಧತಿ ಕಣೋ. ಗಡಿಯಾರ ಬಿಚ್ಚಿದವನು ಮುಚ್ಚಳದ ಒಳಗಡೆ ಸೂಜಿಮೊನೆಯಲ್ಲಿ ತನ್ನ ಗುರುತು ಗೀಚಿ, ತಿಂಗಳು ಹಾಕಿ ಮುಚ್ಚುವುದಿಲ್ಲವೇ? ಗಿರಾಕಿಗೆ ಅದು ಕಾಣುವುದಿಲ್ಲ. ಮುಂದೆ ಬಿಚ್ಚುವವನಿಗೆ ಮಾತ್ರ ಕಾಣುತ್ತದೆ: ಇದು ಯಾರ ಯಾರ ಕೈ ದಾಟಿ ಬಂತು, ಯಾವಾಗ. ಮೇಲ್ ಕೂಡ ಹಾಗೇ. ದಾರಿಯಲ್ಲಿ ಕೈ ಹಾಕಿದ ಪ್ರತಿಯೊಂದು ಯಂತ್ರವೂ ‘ಇಂಥವರಿಂದ ಬಂತು, ಇಷ್ಟು ಹೊತ್ತಿಗೆ ತಗೊಂಡೆ’ ಎಂದು ಒಂದು ಸಾಲು ಗೀಚಿ ಮುಂದೆ ತಳ್ಳುತ್ತದೆ. ಹೊಸ ಗೀಚು ಮೇಲೆ, ಹಳೆಯದು ಕೆಳಗೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಓದಬೇಕು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಅದು ಹುಟ್ಟಿದ ಜಾಗ. ಮೇಲ್‌ನ ತಲೆಯಲ್ಲಿ ಕಾಣುವ ಹೆಸರನ್ನು ನಂಬುವ ಹಾಗಿಲ್ಲ, ಅಲ್ಲಿ ಯಾರು ಯಾರ ಹೆಸರು ಬೇಕಾದರೂ ಬರೆಯಬಹುದು, ಗಡಿಯಾರದ ಮುಖದ ಮೇಲೆ ಯಾವುದೋ ಕಂಪನಿ ಹೆಸರು ಬರೆದ ಹಾಗೆ. ನಿಜ ಬೇಕಾದರೆ ಮುಚ್ಚಳ ತೆಗೆಯಬೇಕು.

ಅವನು ಬೆರಳಿಟ್ಟುಕೊಂಡು ಕೆಳಗಿನಿಂದ ಓದುತ್ತ ಹೋದವನು ಇದ್ದಕ್ಕಿದ್ದ ಹಾಗೆ ಗೊಣಗುವುದನ್ನು ನಿಲ್ಲಿಸಿದ. ಅವನ ಗೊಣಗು ನಿಂತರೆ ಏನೋ ಆಗಿದೆ ಎಂದೇ ಲೆಕ್ಕ. ಇನ್ನೊಂದು ಮೇಲ್ ತೆಗೆದ, ಮತ್ತೊಂದು ತೆಗೆದ. ಆಮೇಲೆ ಪರದೆಯನ್ನು ಗೋಡೆ ಕಡೆ ತಿರುಗಿಸಿ, “ನಾಳೆ ನೋಡೋಣ ಬಿಡಿ ಅತ್ತಿಗೆ” ಎಂದ.

“ಯಾಕೆ, ಇವತ್ತು ನಿನ್ನ ಕಣ್ಣಿಗೆ ರಜೆನಾ?” ಎಂದೆ.

“ಅದಲ್ಲ. ಮಷೀನ್ ಯಾಕೋ ಸರಿಯಾಗಿಲ್ಲ.”

“ಸುಳ್ಳು ಹೇಳೋಕೆ ಬರದಿದ್ರೆ ಸುಮ್ನೆ ಇರಬೇಕು ಕಣಯ್ಯ. ತಿರುಗಿಸು ಈ ಕಡೆ.”

ತಿರುಗಿಸಿದ. ಇಂಗ್ಲಿಷ್ ಅಕ್ಷರ ಒಂದೊಂದಾಗಿ ಕೂಡಿಸಿಕೊಂಡು ಎಲ್ಲಕ್ಕಿಂತ ಕೆಳಗಿನ ಸಾಲನ್ನು ಓದಿದೆ. ಮುದಿಎತ್ತು.

ನೆನಪಿದೆಯಾ? ಅಂಗಡಿಗೆ ಆ ಹಳೆಯ ಕಂಪ್ಯೂಟರ್ ತಂದಾಗ, ಅದು ಏಳುವುದಕ್ಕೆ ಒಂದು ಯುಗ ಮಾಡುತ್ತದೆ ಎಂದು ನೀನೇ ಅದಕ್ಕೆ ಆ ಹೆಸರು ಬರೆದಿಟ್ಟೆ. “ಯಾರನ್ನ ನೋಡಿ ಇಟ್ಟೆ ಆ ಹೆಸರು?” ಎಂದು ನಿಮ್ಮಪ್ಪ ಕೇಳಿದ್ದರು. ನೀನು ನಕ್ಕೆ, ನಾನೂ ನಕ್ಕೆ, ಅವರು ನಗುವನ್ನು ಮೀಸೆಯಲ್ಲೇ ಇಟ್ಟುಕೊಂಡರು. ಆ ಕಂಪ್ಯೂಟರಿನ ಹೆಸರು ಅಲ್ಲಿತ್ತು, ಪಕ್ಕದಲ್ಲಿ ಕಳಿಸಿದ ಹೊತ್ತು. ನೀನಿರುವ ಸಮುದ್ರದಲ್ಲಿ ಆಗ ಯಾವ ಹೊತ್ತೋ ನನಗೆ ಗೊತ್ತಿಲ್ಲ. ಬರೆದಿದ್ದದ್ದು ನಮ್ಮ ಗೋಡೆ ಗಡಿಯಾರದ ಹೊತ್ತು. ಮಧ್ಯಾಹ್ನ, ಅಂಗಡಿ ಬಾಗಿಲು ಅರ್ಧ ಎಳೆದು ಅವರು “ಸ್ವಲ್ಪ ಕಣ್ಣು ಮುಚ್ತೀನಿ, ಕೂಗಬೇಡ” ಎನ್ನುತ್ತಿದ್ದ ಹೊತ್ತು.

ಪೂರ್ತಿ ಹೇಳುತ್ತೇನೆ ಕೇಳು. ನೀನು ಹೋದ ಮೇಲೆ ಮೊದಮೊದಲು ಬಂದ ಮೇಲ್‌ಗಳು ನಿನ್ನವೇ. ಅವುಗಳ ಕೆಳಗಿನ ಸಾಲಿನಲ್ಲಿ ನಿನ್ನ ಹಡಗಿನ ಕಂಪನಿಯ ಹೆಸರಿದೆ. ಅಂಗಡಿಯಲ್ಲಿದ್ದಾಗ ಮಾಡಿಕೊಂಡಿದ್ದ ವಿಳಾಸದಿಂದಲೇ ನೀನು ಬರೆಯುತ್ತಿದ್ದೆಯಲ್ಲ, ಅದನ್ನು ಮುದಿಎತ್ತಿನಲ್ಲಿ ಮುಚ್ಚದೆ ಹೋಗಿದ್ದೆ. ನೀನು ನನಗೆ ಬರೆದದ್ದು, ನಾನು ನಿನಗೆ ಬರೆದದ್ದು, ಎಲ್ಲವೂ ಅಲ್ಲಿ ನಿಮ್ಮಪ್ಪನ ಕಣ್ಣ ಮುಂದೆ ಬಂದು ಬೀಳುತ್ತಿತ್ತು. ಆಮೇಲೆ ನೀನು ನಿಲ್ಲಿಸಿದೆ. ಯಾಕೆ ಎಂದು ಇವತ್ತು ಕೇಳುವುದಿಲ್ಲ. ನಾನು ಆಗ ಅನ್ನ ಬಿಟ್ಟಿದ್ದೆ, ಫೋನನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಅವರು ತಟ್ಟೆ ತಂದಿಟ್ಟು, ಹಾಗೇ ವಾಪಸು ತೆಗೆದುಕೊಂಡು ಹೋಗುತ್ತಿದ್ದರು. ಆಗ ಮತ್ತೆ ಮೇಲ್ ಬರತೊಡಗಿತು. ‘ಅಮ್ಮಾ, ಚೆನ್ನಾಗಿದ್ದೇನೆ. ಸಮುದ್ರ ಶಾಂತವಾಗಿದೆ. ಊಟ ಮಾಡು.’ ನಾನು ಎದ್ದು ಕೂತು ಉಂಡೆ. ನಿಮ್ಮಪ್ಪನ ಕಡೆ ನೋಡಿ, ನೋಡಿದ್ರಾ, ನನ್ನ ಮಗ, ಎಂದೆ. ಅವರು ಹೂಂ ಎಂದರು.

ನನಗೆ ತಿಳಿಯಬೇಕಿತ್ತು. ನೀನು ಬರೆದರೆ ಹೊಳೆಯ ಹಾಗೆ ಬರೆಯುತ್ತಿದ್ದೆ, ಅಡುಗೆಯವನ ಜಗಳ, ಬಂದರಿನ ಬೆಕ್ಕು, ಎಲ್ಲ ಇರುತ್ತಿತ್ತು. ಇವು ಮೂರು ಸಾಲು, ನಾಲ್ಕು ಸಾಲು. ‘ಎಂಜಿನ್ ಚೆನ್ನಾಗಿ ಓಡುತ್ತಿದೆ. ಎಣ್ಣೆ ಬಿಟ್ಟೆ. ಇಲ್ಲಿ ತೇವ ಜಾಸ್ತಿ, ಕಬ್ಬಿಣಕ್ಕೆ ಒಳ್ಳೆಯದಲ್ಲ.’ ಓದಿ, ಅಪ್ಪನ ರಕ್ತ ಎಲ್ಲಿ ಹೋಗುತ್ತದೆ, ಇವನೂ ಮೂಗನಾದ, ಎಂದು ನಾನೇ ನಿಮ್ಮಪ್ಪನ ಮುಂದೆ ದೂರಿದ್ದೆ. ಅದಾದ ಮುಂದಿನ ವಾರದ ಮೇಲ್‌ನಲ್ಲಿ ಬೆಕ್ಕೊಂದು ಬಂತು. ‘ಹಡಗಿನಲ್ಲಿ ಒಂದು ಬೆಕ್ಕಿದೆ. ಬಿಳಿ.’ ಅಷ್ಟೇ. ಪಾಪ, ಬೆಕ್ಕನ್ನು ತಂದು ಕೂರಿಸಿದರು, ಅದರ ಕೈಯಲ್ಲಿ ಏನು ಮಾಡಿಸಬೇಕು ಎಂದು ಗೊತ್ತಾಗಲಿಲ್ಲ.

ನಾನು ನಿನಗೆಂದು ಬರೆದದ್ದನ್ನು ಈಗ ನೆನೆಸಿಕೊಂಡರೆ ಮೈ ಸುಡುತ್ತದೆ. ಎಲ್ಲ ಅವರ ಮೇಲಿನ ದೂರೇ. ಸ್ನಾನದಮನೆಯ ನಲ್ಲಿ ಸೋರಿ ಸೋರಿ ನನ್ನ ಪ್ರಾಣ ಹೋಗುತ್ತಿದೆ, ಊರಿನ ಗಡಿಯಾರಗಳೆಲ್ಲ ರಿಪೇರಿ, ಮನೆಯ ನಲ್ಲಿ ಮಾತ್ರ ಅನಾಥ, ಎಂದು ಬರೆದೆ. ಮಾರನೆಯ ದಿನ ಬೆಳಿಗ್ಗೆ ನಲ್ಲಿಯ ಕೆಳಗೆ ಕೂತಿದ್ದರು, ಬಾಯಲ್ಲಿ ವಾಷರು. ಉಂಡು ಏಳುತ್ತಾರೆ, ಉಪ್ಪಿತ್ತೋ ಸಪ್ಪೆಯಿತ್ತೋ ಒಂದು ಮಾತಿಲ್ಲ, ಗೋಡೆಗೆ ಬಡಿಸಿದ ಹಾಗೆ, ಎಂದು ಬರೆದೆ. ಎರಡು ದಿನ ಬಿಟ್ಟು, ಕೈ ತೊಳೆಯುತ್ತ ಹಿಂದೆ ತಿರುಗದೆ, “ಊಟ ಚೆನ್ನಾಗಿತ್ತು” ಎಂದರು. ನಾನು ಹೋಗಿ ಹಣೆ ಮುಟ್ಟಿ ನೋಡಿದೆ, ಜ್ವರ ಬಂದಿದೆಯೇನೋ ಎಂದು. ಇನ್ನೊಂದು ಸಲ ಸಿಟ್ಟು ನೆತ್ತಿಗೇರಿದಾಗ, ನಿಮ್ಮಪ್ಪನ ಎದೆಯಲ್ಲಿ ಕರುಳಿಲ್ಲ ಕಣೋ, ಸ್ಪ್ರಿಂಗ್ ಇದೆ, ನಿನ್ನ ಹೆಸರನ್ನು ಒಂದು ದಿನ ಬಾಯಲ್ಲಿ ತಂದವರಲ್ಲ, ಎಂದು ಬರೆದೆ. ಅದಕ್ಕೆ ಬಂದ ಉತ್ತರ ನನ್ನ ಫೋನಿನಲ್ಲಿ ಹಾಗೇ ಇದೆ. ‘ಅಮ್ಮಾ, ಹಾಗೆ ಬರೆಯಬೇಡ. ಅವರಿಗೆ ಹೇಳುವುದಕ್ಕೆ ಬರುವುದಿಲ್ಲ.’ ಅದಕ್ಕೆ ನಾನು, ನಿನಗೇನು ಗೊತ್ತು ಅವರ ವಿಷಯ, ಕಟ್ಟಿಕೊಂಡವಳು ನಾನು, ಎಂದು ಜಾಡಿಸಿದ್ದೆ.

ಫೋನು ರಿಪೇರಿಯವನನ್ನು ಕರೆದುಕೊಂಡು ಹೋಗಿ ಮುದಿಎತ್ತನ್ನು ಎಬ್ಬಿಸಿದೆ. ಅಂಗಡಿಯಲ್ಲಿ ನಿಮ್ಮಪ್ಪನ ಕಡೆಯ ಅರ್ಧಕ್ಕೆ ಕಾಲಿಟ್ಟು ಬಹಳ ದಿನವಾಗಿತ್ತು. ಗೋಡೆಯ ಗಡಿಯಾರಗಳಿಗೆ ಕೀಲಿ ಕೊಡುವವರಿಲ್ಲದೆ ಒಂದೊಂದು ಒಂದೊಂದು ಹೊತ್ತಿಗೆ ನಿಂತಿವೆ, ಜಗಳವಾಡಿದ ನೆಂಟರ ಹಾಗೆ. ಎತ್ತು ತನ್ನ ಹೊತ್ತು ತೆಗೆದುಕೊಂಡು ಎದ್ದಿತು. ನಾನು ನಿನಗೆ ಬರೆದದ್ದೆಲ್ಲ ಅಲ್ಲಿದೆ, ಒಂದರ ಕೆಳಗೊಂದು. ಓದಿದವು ತೆಳ್ಳಗೆ, ಓದದೆ ಇರುವವು ದಪ್ಪ ಅಕ್ಷರದಲ್ಲಿ ಕಾಣುತ್ತವಂತೆ. ಎಲ್ಲ ತೆಳ್ಳಗಿದ್ದವು. ಎಲ್ಲಕ್ಕಿಂತ ಮೇಲಿನದು ಮಾತ್ರ ದಪ್ಪಗಿತ್ತು. ಅಪ್ಪ ಹೋದರು, ಬಾ. ಅವರು ಹೋದ ಸುದ್ದಿಯನ್ನು ನಾನು ಅವರಿಗೇ ಕಳಿಸಿದ್ದೆ ಮಗನೇ. ಉತ್ತರ ಬರಲಿಲ್ಲ ಎಂದು ತಿಂಗಳುಗಟ್ಟಲೆ ಶಾಪ ಹಾಕುತ್ತ ಕೂತಿದ್ದೆ. ತೆರೀಲಾ ಅತ್ತಿಗೆ, ಎಂದು ಅವನು ಕೇಳಿದ. ಮುಟ್ಟಬೇಡ ಎಂದೆ. ಅದು ಹಾಗೇ ಇರಲಿ, ಅವರು ಓದಿಲ್ಲ ಎಂದೇ ಇರಲಿ.

ಒಂದು ಮೇಲ್ ಇದೆ, ಅದರ ವಿಷಯ ಹೇಳಬೇಕು. ನೀನು ಬರೆಯುವುದು ನಿಂತು ಅವರು ಶುರುಮಾಡಿದರಲ್ಲ, ಆ ಹೊತ್ತಿನಲ್ಲೇ ಬಂದದ್ದು, ನಿನ್ನದೋ ಅವರದೋ ನೋಡಿದರೆ ಗೊತ್ತಾಗುವುದಿಲ್ಲ. ‘ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಹೇಳು.’ ಅದನ್ನು ನಾನು ಅವರು ಊಟಕ್ಕೆ ಕೂತಿದ್ದಾಗ ಗಟ್ಟಿಯಾಗಿ ಓದಿದೆ. ಅವರು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು, “ಇನ್ನೊಂದ್ಸಲ ಓದು” ಎಂದರು. ಓದಿದೆ. ತುತ್ತು ಬಾಯಿಗಿಟ್ಟುಕೊಂಡರು. ನೀನು ಹೋದಂದಿನಿಂದ, ರಿಪೇರಿಗೆ ಬಂದಿದ್ದ ಆ ಮೇಷ್ಟ್ರ ಗಡಿಯಾರದ ಮಾತೇ ಈ ಮನೆಯಲ್ಲಿ ಬಂದಿರಲಿಲ್ಲ. ಮುಚ್ಚಳ ಫಳಫಳ ಹೊಳೆಯಲಿ ಎಂದು ನೀನು ಒಳಗಡೆಯೂ ಪಾಲಿಶ್ ಹಾಕಿ ತಿಕ್ಕಿ, ಅಲ್ಲಿದ್ದ ಗೀಚುಗಳನ್ನೆಲ್ಲ ಅಳಿಸಿದ್ದು, ಅದರಲ್ಲಿ ನಿನ್ನ ತಾತನ ಗುರುತೂ ಇದ್ದದ್ದು, “ಹಳಬರನ್ನ ಒರೆಸಿ ಹಾಕೋನಿಗೆ ನನ್ನ ಮೇಜಿನಲ್ಲಿ ಜಾಗ ಇಲ್ಲ” ಎಂದು ಇವರು ಅಂದದ್ದು, “ಮೇಜು ನೀವೇ ಇಟ್ಕೊಳ್ಳಿ” ಎಂದು ನೀನು ಮೆಟ್ಟಿಲಿಳಿದದ್ದು. ಅವತ್ತು ಆ ಊಟದ ಮೇಲೆ ಅವರು ಕೆಳಗೆ ಹೋಗಿ, ನಿನ್ನ ಸ್ಟೂಲನ್ನು ಒರೆಸಿ ಮತ್ತೆ ಮೇಜಿನ ಪಕ್ಕ ಇಟ್ಟರು. ಇವತ್ತೂ ಅದು ಅಲ್ಲೇ ಇದೆ.

ಫೋನಿನವನು ಅದರ ಹೆಡರನ್ನೂ ತೆಗೆಯಲು ಹೋದ. ಬೇಡ ಎಂದೆ. ಎಲ್ಲ ಮುಚ್ಚಳವನ್ನೂ ತೆಗೆಯಬಾರದು. ಅದು ನಿನ್ನದೇ ಎಂದು ಇಟ್ಟುಕೊಂಡಿದ್ದೇನೆ.

ಈಗ ಕಾಗದದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದರೆ, ನೀನು ಆ ವಿಳಾಸ ತೆರೆಯುವುದನ್ನೇ ಬಿಟ್ಟಿದ್ದೀಯ, ಅಲ್ಲಿಗೆ ಏನು ಬರೆದರೂ ಅದು ಮೆಟ್ಟಿಲಿಳಿದು ಖಾಲಿ ಅಂಗಡಿಗೆ ಹೋಗುತ್ತದೆ. ನಿನ್ನ ಹಳೆಯ ಮೇಲ್‌ಗಳ ಕೆಳಗಿನ ಸಾಲಿನಲ್ಲಿದ್ದ ಹಡಗಿನ ಕಂಪನಿಯ ಹೆಸರು ಹಿಡಿದುಕೊಂಡು ಫೋನಿನವನು ಅವರ ಆಫೀಸಿನ ವಿಳಾಸ ಹುಡುಕಿಕೊಟ್ಟ. ನೀನು ಅಲ್ಲಿ ಇನ್ನೂ ಇದ್ದೀಯೋ, ಬೇರೆ ಹಡಗು ಹತ್ತಿದ್ದೀಯೋ, ನೆಲ ಕಂಡಿದ್ದೀಯೋ ಗೊತ್ತಿಲ್ಲ. ನೀನು ಎಲ್ಲಿದ್ದರೂ ಅವರು ಮುಂದೆ ತಳ್ಳಲಿ. ಲಕೋಟೆಯ ಮೇಲೆ ದಾರಿಯ ಗುರುತು ಬೇಕಾದಷ್ಟು ಬೀಳಲಿ, ಜಾಗ ಬಿಟ್ಟಿದ್ದೇನೆ.

ಫೋನು ರಿಪೇರಿಯವನು ನಿನ್ನನ್ನು ಕೇಳಿದೆನೆಂದು ತಿಳಿಸಲು ಹೇಳಿದ. ಎದುರುಗಡೆಯ ಟೈಲರಮ್ಮ ಹೊತ್ತಿಗೆ ಸರಿಯಾಗಿ ಒಂದು ಪಾತ್ರೆಯಲ್ಲಿ ಏನಾದರೂ ತಂದಿಡುತ್ತಾಳೆ, ಉಪ್ಪು ಕಡಿಮೆ, ಆದರೂ ಚೆನ್ನಾಗಿದೆ ಎನ್ನುತ್ತೇನೆ. ಹೇಳುವುದನ್ನು ನಾನೂ ಕಲಿತೆ ನೋಡು, ಈ ವಯಸ್ಸಿನಲ್ಲಿ. ತಣ್ಣೀರಿನಲ್ಲಿ ತಲೆ ಸ್ನಾನ ಮಾಡಬೇಡ. ಎಲ್ಲೇ ಇರು, ನಿನ್ನ ಕೈಗೆ ಗಾಯವಾಗದಿರಲಿ, ಕಣ್ಣು ಚೆನ್ನಾಗಿರಲಿ. ನಮ್ಮ ಕಸುಬಿನವರಿಗೆ ಹರಸಬೇಕಾದದ್ದು ಇವೆರಡೇ.

ಬೈಯುವುದಕ್ಕಾದರೂ ಇನ್ನೂ ಬದುಕಿರುವ,
ನಿನ್ನ ಅಮ್ಮ

ಮರೆತ ಮಾತು: ಲಕೋಟೆಗೆ ಗೋಂದು ಹಚ್ಚಿ ಅಂಟಿಸಿ ಆಗಿತ್ತು, ಮತ್ತೆ ಕಿತ್ತೆ. ಮನಸ್ಸು ತಡೆಯಲಿಲ್ಲ, ಕೆಳಗಿಳಿದು ಹೋಗಿ ಆ ಒಂದು ಮೇಲ್‌ನ ಮುಚ್ಚಳವನ್ನೂ ತೆಗೆಸಿದೆ. ಎಲ್ಲಕ್ಕಿಂತ ಕೆಳಗಿನ ಸಾಲು ಮುದಿಎತ್ತು. ಆ ಮಾತನ್ನು ಅವರೇ ಬರೆದು, ನನ್ನ ಕೈಯಲ್ಲಿ ಎರಡು ಸಲ ಓದಿಸಿಕೊಂಡು, ಕೇಳಿ ಊಟ ಮುಗಿಸಿದ್ದಾರೆ. ನೀನು ಬರದಿದ್ದರೂ ಸರಿ. ಆ ಮಾತು ನಿಜವಿದ್ದರೆ ಮಾತ್ರ, ಒಂದೇ ಸಾಲು, ಕಾಗದದ ಮೇಲೆ, ನಿನ್ನ ಕೈಬರಹದಲ್ಲಿ ಬರೆದು ಕಳಿಸು. ಅವರ ಮೇಜಿನ ಮುಂದೆ ಕೂತು ಓದಿ ಹೇಳುತ್ತೇನೆ. ನಿಜವಲ್ಲದಿದ್ದರೆ ಬರೆಯಬೇಡ. ನನಗೋಸ್ಕರ ಸುಳ್ಳು ಬರೆಯುತ್ತಿದ್ದವರು ಹೋದರು, ಆ ಜಾಗಕ್ಕೆ ಇನ್ನೊಬ್ಬರು ಬೇಡ.